ಕೊಟ್ಟೆ, ತೊಟ್ಟೆ, ಕವರು: ಒಂದು ಸಣ್ಣ ಪ್ಲಾಸ್ಟಿಕ್ ಚೀಲದ ಹೆಸರಿನ ಕತೆ

ಪುಣೆಯ ಹಿಂಜವಡಿ, ಹೈದರಾಬಾದಿನ ಗಚ್ಚಿಬೌಲಿ, ಚೆನ್ನೈನ ಓಎಂಆರ್, ನವಿ ಮುಂಬಯಿಯ ಐರೋಲಿ, ಆ ಕಡೆ ನೋಯ್ಡಾ, ಗುರುಗ್ರಾಮ, ಎಲ್ಲೆಲ್ಲಿ ಕೂತು ಕೇಳ್ತಾ ಇದ್ದೀರೋ ಅಲ್ಲಿಂದಲೇ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಅಡುಗೆಮನೆಯ ಸಿಂಕಿನ ಕೆಳಗೆ ಇಣುಕಿ ನೋಡಿ. ಅಲ್ಲೊಂದು ದೊಡ್ಡ ಪ್ಲಾಸ್ಟಿಕ್ ಚೀಲ ಇರುತ್ತೆ. ಅದರೊಳಗೆ ಮಡಚಿಟ್ಟ, ಮುದುರಿಟ್ಟ, ಗಂಟು ಹಾಕಿಟ್ಟ ನೂರಾರು ಸಣ್ಣ ಚೀಲಗಳು ಇರುತ್ತವೆ. ತರಕಾರಿಯವನು ಕೊಟ್ಟದ್ದು, ಸಾಂಬಾರು ಪಾರ್ಸೆಲ್ ಬಂದದ್ದು, ಹೂವು ತಂದದ್ದು, ಹೀಗೆ.

ಈಗ ಪ್ರಶ್ನೆ. ಆ ಸಣ್ಣ ಚೀಲಕ್ಕೆ ನಿಮ್ಮ ಮನೇಲಿ ಏನಂತಾರೆ? ಅಂದ್ರೆ, ನಿಮ್ಮ ಅಜ್ಜಿ ಏನಂತಿದ್ರು, ನೀವು ಏನಂತೀರಿ, ನಿಮ್ಮ ಮಗು ಏನನ್ನುತ್ತೆ? ಮೂರಕ್ಕೂ ಒಂದೇ ಉತ್ತರ ಬಂದರೆ ನೀವು ಅದೃಷ್ಟವಂತರು. ಬಹಳಷ್ಟು ಜನಕ್ಕೆ ಮೂರು ಬೇರೆ ಬೇರೆ ಉತ್ತರ ಬರುತ್ತೆ. ಇವತ್ತಿನ ಮಾತು ಆ ಮೊದಲ ಉತ್ತರದ ಬಗ್ಗೆ.

ಯಾರು ಏನಂತಾರೆ

ಬೆಂಗಳೂರು, ಮೈಸೂರು, ಮಂಡ್ಯ, ತುಮಕೂರು ಕಡೆಯವರಿಗೆ ಇದು "ಕವರು". "ಒಂದು ಕವರ್ ಕೊಡಿ ಸಾರ್" ಅಂದ್ರೆ ಮುಗೀತು. ಬೆಳಗಾವಿ, ಧಾರವಾಡದ ಕಡೆ ಮರಾಠಿಯ ಒಡನಾಟದಿಂದ ಬಂದ "ಪಿಶವಿ" ಇದೆ, ಜೊತೆಗೆ "ಕ್ಯಾರಿಬ್ಯಾಗು" ಇದೆ. ಮಂಗಳೂರು, ಉಡುಪಿ ಕಡೆ ಕನ್ನಡದಲ್ಲೂ ತುಳುವಿನಲ್ಲೂ "ತೊಟ್ಟೆ". ಅಂಗಡಿಯವನು "ತೊಟ್ಟೆ ಬೋಡಾ?" ಅಂತ ಕೇಳಿದರೆ ಚೀಲ ಬೇಕಾ ಅಂತ ಅರ್ಥ. ಇನ್ನು ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ, ಒಟ್ಟಿನಲ್ಲಿ ಮಲೆನಾಡಿನ ಸೀಮೆಗೆ ಬಂದರೆ ಅದು "ಕೊಟ್ಟೆ". ನಾನು ಇವತ್ತು ಹೆಚ್ಚು ಮಾತಾಡೋದು ಈ ಕೊಟ್ಟೆಯ ಬಗ್ಗೆ, ಯಾಕಂದ್ರೆ ಈ ಪದದೊಳಗೆ ಬಹಳ ಸಾಮಾನು ತುಂಬಿದೆ.

ಮೊದಲು ಅರ್ಥವನ್ನ ಸರಿಯಾಗಿ ಹಿಡಿಯೋಣ. ಪ್ಲಾಸ್ಟಿಕ್ಕಿನದ್ದೆಲ್ಲಾ ಕೊಟ್ಟೆ ಅಲ್ಲ. ಅಕ್ಕಿ ಬರೋದು ಚೀಲದಲ್ಲಿ. ಹಿಡಿ ಇರೋದು ಕೈಚೀಲ. ಒಣ ಸಾಮಾನನ್ನ, ಅಂದ್ರೆ ಜೀರಿಗೆ, ಸಾಸಿವೆ ಇಂಥದ್ದನ್ನ ಪೇಪರಲ್ಲಿ ಸುತ್ತಿ ದಾರ ಕಟ್ಟಿದರೆ ಅದು ಪೊಟ್ಟಣ. ಕೊಟ್ಟೆ ಅಂದ್ರೆ ಸಣ್ಣದು, ತೆಳ್ಳಗಿನದು, ಸಾಮಾನ್ಯವಾಗಿ ಹಿಡಿ ಇಲ್ಲದ್ದು, ಬಾಯಿ ಮಡಚಿ ಗಂಟು ಹಾಕೋ ಥರದ್ದು. ಒದ್ದೆ ಸಾಮಾನನ್ನೂ ಸೋರದ ಹಾಗೆ ಹಿಡಿಯುವಂಥದ್ದು. ದಿನಬಳಕೆಯಲ್ಲಿ ಹೀಗೆ ಬರುತ್ತೆ ನೋಡಿ:

"ಮೀನು ಬೇರೆ ಕೊಟ್ಟೇಲಿ ಹಾಕಿ, ಸೊಪ್ಪಿನ ಜೊತೆ ಬೇಡ."
"ಉಪ್ಪಿನಕಾಯಿ ಬಾಟ್ಲಿಗೆ ಎರಡು ಕೊಟ್ಟೆ ಹಾಕಿ ಕಟ್ಟು, ಬಸ್ಸಲ್ಲಿ ಸೋರತ್ತೆ."
"ಮನೆ ಹಾಲಲ್ಲ, ಕೊಟ್ಟೆ ಹಾಲು."
"ಹಾಲಿನ ಕೊಟ್ಟೆ ತೊಳೆದು ಒಣಗಿಸಿಡು, ಬಿಸಾಕಬೇಡ."

ಊರಿಂದ ವಾಪಸ್ ಹೊರಡುವಾಗ ನಿಮ್ಮ ಬ್ಯಾಗಿನ ಅರ್ಧ ಭಾಗ ಈ ಎರಡನೇ ವಾಕ್ಯವೇ ತುಂಬಿರುತ್ತೆ, ಅಲ್ವಾ? ಮಿಡಿ ಉಪ್ಪಿನಕಾಯಿ, ಹಪ್ಪಳ, ಹಲಸಿನ ಚಿಪ್ಸು, ತುಪ್ಪ, ಎಲ್ಲಕ್ಕೂ ಕೊಟ್ಟೆಯ ಮೇಲೆ ಕೊಟ್ಟೆ. ಮುಂಬಯಿಯಲ್ಲೋ ಪುಣೆಯಲ್ಲೋ ಬೆಳಿಗ್ಗೆ ಬಸ್ಸಿಳಿದು, ಮನೆಗೆ ಬಂದು ಗಂಟು ಬಿಚ್ಚುವಾಗ ಗೊತ್ತಾಗುತ್ತೆ ಅಮ್ಮ ಎಷ್ಟು ಬಿಗಿಯಾಗಿ ಕಟ್ಟಿದ್ದಾರೆ ಅಂತ.

ಕೊಟ್ಟೆ ಕೊಟ್ಟೆ

ಈ ಪದದ ಮಜಾ ಇರೋದು ಇಲ್ಲಿ. ಕನ್ನಡದಲ್ಲಿ "ಕೊಡು" ಅನ್ನೋ ಕ್ರಿಯಾಪದಕ್ಕೆ ನಾನು ಅನ್ನೋ ಕರ್ತೃ ಸೇರಿಸಿ, ಆಗಿಹೋದ ಕಾಲದಲ್ಲಿ ಹೇಳಿದರೆ "ಕೊಟ್ಟೆ". ಹಾಗಾಗಿ "ಕೊಟ್ಟೆ ಕೊಟ್ಟೆ" ಅನ್ನೋದು ಪೂರ್ತಿ ವಾಕ್ಯ. ಚೀಲ ಕೊಟ್ಟೆ ಅಂತ. ಮಂಗಳೂರಿನವರು ಬಿಡ್ತಾರಾ? "ತೊಡು" ಅನ್ನೋದಕ್ಕೂ ಅದೇ ನಿಯಮ. "ತೊಟ್ಟೆ" ಅಂದ್ರೆ ಧರಿಸಿದೆ. ಒಂದು ಚೀಲ ಕೊಟ್ಟದ್ದು, ಇನ್ನೊಂದು ತೊಟ್ಟದ್ದು!

ತಮಾಷೆ ಸರಿ, ಆದರೆ ತೊಡಕೂ ಇದೆ. ಮಲೆನಾಡಿನ ಹುಡುಗ ಮೊದಲ ಸಲ ಬೆಂಗಳೂರಿನ ಅಂಗಡೀಲಿ "ಕೊಟ್ಟೆ ಕೊಡಿ" ಅಂದ್ರೆ ಅಂಗಡಿಯವನಿಗೆ ಅರ್ಥ ಆಗಲ್ಲ. "ಏನ್ ಕೊಟ್ರಿ? ಯಾವಾಗ ಕೊಟ್ರಿ?" ಅಂತಾನೆ. ಎರಡು ಸಲ ಹೀಗಾದ ಮೇಲೆ ಮೂರನೇ ಸಲ ಆ ಹುಡುಗ "ಕವರ್" ಅಂತಾನೆ. ಬೆಂಗಳೂರು ದಾಟಿ ಚೆನ್ನೈಗೆ ಹೋದರೆ ಇನ್ನೂ ಕಷ್ಟ. ತಮಿಳಿನಲ್ಲಿ "ಕೊಟ್ಟೈ" ಅಂದ್ರೆ ಬೀಜ. ಹುಣಸೆ ಬೀಜಕ್ಕೆ ಪುಳಿಯಂಕೊಟ್ಟೈ ಅಂತಾರೆ. ಆಡುಮಾತಿನಲ್ಲಿ ಅದಕ್ಕೊಂದು ಪೋಲಿ ಅರ್ಥವೂ ಇದೆ. ಹಾಗಾಗಿ ಓಎಂಆರ್‌ನ ಅಂಗಡೀಲಿ ಕೊಟ್ಟೆ ಕೇಳುವ ಮೊದಲು ಸ್ವಲ್ಪ ಯೋಚನೆ ಮಾಡಿ!

ಕನ್ನಡದ ಒಳಗೂ ಇದರ ಜೊತೆ ಕಲಸಿಹೋಗೋ ಎರಡು ಪದಗಳಿವೆ. ಕೊಟ್ಟಿಗೆ ಬೇರೆ, ಅದು ದನ ಕಟ್ಟೋ ಜಾಗ. ಕೊಪ್ಪೆ ಬೇರೆ, ಅದು ಮಳೆಗಾಲದಲ್ಲಿ ತಲೆಯಿಂದ ಬೆನ್ನಿನವರೆಗೆ ಹೊದ್ದುಕೊಳ್ಳೋದು. ಮೊದಲು ಕಂಬಳಿ ಕೊಪ್ಪೆ ಇತ್ತು, ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಈ "ಆಮೇಲೆ ಪ್ಲಾಸ್ಟಿಕ್ ಬಂತು" ಅನ್ನೋದನ್ನ ನೆನಪಿಟ್ಟುಕೊಳ್ಳಿ. ಕೊಟ್ಟೆಯಲ್ಲೂ ಆದದ್ದು ಅದೇ.

ಪ್ಲಾಸ್ಟಿಕ್ಕಿಗಿಂತ ಹಳೆಯ ಪದ

ಪಾಲಿಥೀನ್ ಅನ್ನೋ ವಸ್ತು ಹುಟ್ಟಿದ್ದು 1933ರಲ್ಲಿ, ಇಂಗ್ಲೆಂಡಿನ ನಾರ್ತ್‌ವಿಚ್ ಊರಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ. ಅದೂ ಆಕಸ್ಮಿಕವಾಗಿ. ಎರಡು ಹಿಡಿ ಇರೋ, ಬನಿಯನ್ ಆಕಾರದ ಚೀಲವನ್ನ ರೂಪಿಸಿದ್ದು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್. ಅದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1965ರಲ್ಲಿ. ನಮ್ಮ ಹಳ್ಳಿಯ ಅಂಗಡಿಗಳಿಗೆ ಅದು ತಲುಪಿದ್ದು ಅದಕ್ಕಿಂತಲೂ ಎಷ್ಟೋ ಆಮೇಲೆ. ಹಾಗಾದ್ರೆ ಕೊಟ್ಟೆ ಅನ್ನೋ ಪದ ಅದಕ್ಕೆ ಮೊದಲು ಏನು ಮಾಡ್ತಾ ಇತ್ತು?

ಉತ್ತರ ನಿಮ್ಮ ಬಾಯಲ್ಲೇ ಇದೆ. ಕೊಟ್ಟೆ ಕಡುಬು! ಹಲಸಿನ ನಾಲ್ಕು ಎಲೆಗಳನ್ನ ಜೋಡಿಸಿ, ಸಣ್ಣ ಕಡ್ಡಿಯಿಂದ ಚುಚ್ಚಿ, ಲೋಟದ ಥರ ಮಾಡಿ, ಅದರಲ್ಲಿ ಉದ್ದು-ಅಕ್ಕಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸೋದು. ಆ ಎಲೆಯ ಲೋಟವೇ ಕೊಟ್ಟೆ. ಕೊಂಕಣಿಯವರ "ಖೊಟ್ಟೊ" ಕೂಡ ಇದೇ ತಿಂಡಿ. ತುಳುನಾಡಿನಲ್ಲಿ ಹಲಸಿನೆಲೆಯದ್ದಕ್ಕೆ "ಗುಂಡ" ಅಂತಾರೆ, ಕೇದಗೆ ಜಾತಿಯ ಉದ್ದ ಎಲೆಯನ್ನ ಸುತ್ತಿ ಮಾಡಿದ್ದಕ್ಕೆ "ಮೂಡೆ" ಅಂತಾರೆ. ಅಷ್ಟಮಿ ಬಂದ್ರೆ ಮೂಡೆ ಇಲ್ಲದೆ ಹಬ್ಬ ಇಲ್ಲ.

ಇನ್ನೊಂದು ಕಡೆ ನೋಡಿ, ಅಡಿಕೆ ತೋಟ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತೆ. ಇದು ಫೈಟಾಫ್ತೋರಾ ಅನ್ನೋ ಸೂಕ್ಷ್ಮಜೀವಿಯಿಂದ ಬರೋದು, ಎಳೆಕಾಯಿ ಕೊಳೆತು ಉದುರುತ್ತೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಬಗ್ಗೆ ವರದಿ ಪ್ರಕಟಿಸಿದ್ದರು. ಬೋರ್ಡೋ ದ್ರಾವಣ ಸಿಂಪಡಿಸೋದು ಒಂದು ದಾರಿ. ಇನ್ನೊಂದು ಹಳೆಯ ದಾರಿ, ಕೊನೆಗೆ ಮಳೆ ನೀರು ಬೀಳದ ಹಾಗೆ ಅಡಿಕೆ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಹೊದಿಕೆ ಕಟ್ಟೋದು. ಅದಕ್ಕೆ ಹೆಸರು ಕೊಟ್ಟೆ ಕಟ್ಟೋದು. ಪಾಲಿಥೀನ್ ಬಂದ ಮೇಲೆ ಹಾಳೆಯ ಜಾಗದಲ್ಲಿ ಅದನ್ನ ಕಟ್ಟೋಕೆ ಶುರು ಮಾಡಿದ್ರು. ಹೆಸರು ಮಾತ್ರ ಅದೇ ಉಳೀತು.

ಗಮನಿಸಿ, ಎಲೆ ಕೊಟ್ಟೆ, ಹಾಳೆ ಕೊಟ್ಟೆ, ಪ್ಲಾಸ್ಟಿಕ್ ಕೊಟ್ಟೆ. ಮೂರರಲ್ಲಿ ವಸ್ತು ಬೇರೆ, ಕೆಲಸ ಒಂದೇ. ತೆಳ್ಳಗಿದ್ದು, ಒಳಗಿನದನ್ನ ಹಿಡಿದಿಟ್ಟುಕೊಳ್ಳೋದು, ಇಲ್ಲವೇ ಹೊರಗಿನ ನೀರನ್ನ ತಡೆಯೋದು. ನಮ್ಮ ಜನ ಹೆಸರಿಟ್ಟದ್ದು ವಸ್ತುವಿಗಲ್ಲ, ಕೆಲಸಕ್ಕೆ. ಅದಕ್ಕೇ ಹೊಸ ವಸ್ತು ಬಂದಾಗ ಹೊಸ ಪದ ಹುಡುಕೋ ತಾಪತ್ರಯ ಇರಲಿಲ್ಲ. ಹಾಲು ಪ್ಯಾಕೆಟ್ಟಿನಲ್ಲಿ ಬಂತು, ಹಾಲಿನ ಕೊಟ್ಟೆ ಆಯ್ತು. ಸರ್ಕಾರಿ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬಂತು, ಕೊಟ್ಟೆ ಸಾರಾಯಿ ಆಯ್ತು. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆದದ್ದು 2007ರ ಜುಲೈ 1ರಿಂದ. ಅದು ಹೋಗಿ ಇಷ್ಟು ವರ್ಷ ಆದ್ರೂ, ಮಲೆನಾಡಿನಲ್ಲಿ "ಕೊಟ್ಟೆ ಹಾಕಿದಾನೆ" ಅಂದ್ರೆ ಏನು ಅಂತ ಹಿರಿಯರಿಗೆ ಇವತ್ತಿಗೂ ವಿವರಿಸಬೇಕಾಗಿಲ್ಲ.

ನೀವಿರೋ ಊರಿನವರು ಏನು ಮಾಡಿದ್ರು

ಇದು ನಮ್ಮೊಬ್ಬರ ಜಾಣತನ ಅಲ್ಲ. ನೀವಿರೋ ಊರುಗಳ ಭಾಷೆಗಳೂ ಇದನ್ನೇ ಮಾಡಿವೆ.

ದೆಹಲಿ ಕಡೆ ಇರೋರಿಗೆ "ಪನ್ನಿ" ಗೊತ್ತು. ತರಕಾರಿ ಮಂಡೀಲಿ "ಪನ್ನಿ ಮೇ ಡಾಲ್ ದೋ" ಅಂತಾರೆ. ಆದರೆ ಹಿಂದಿಯಲ್ಲಿ ಪನ್ನಿ ಅಂದ್ರೆ ಮೊದಲು ಹೊಳೆಯೋ ತೆಳು ತಗಡು, ಅಲಂಕಾರಕ್ಕೆ ಅಂಟಿಸೋ ಬಣ್ಣದ ಬೇಗಡೆ ಕಾಗದ. ತೆಳ್ಳಗಿದೆ, ಹೊಳೆಯುತ್ತೆ, ಸರಸರ ಸದ್ದು ಮಾಡುತ್ತೆ ಅಂತ ಅದೇ ಹೆಸರು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತು.

ಮುಂಬಯಿ, ಪುಣೆಯ ಪಿಶವಿ ಮೊದಲು ಬಟ್ಟೆಯ ಚೀಲ. ಈಗ ಬಟ್ಟೆಯದ್ದು ಅಂತ ಹೇಳಬೇಕಾದ್ರೆ "ಕಾಪಡಿ ಪಿಶವಿ" ಅಂತ ಬಿಡಿಸಿ ಹೇಳಬೇಕು. ಮುಂಬಯಿಯ ಗುಜರಾತಿಗಳು ಹಿಡಿ ಇರೋ ಪ್ಲಾಸ್ಟಿಕ್ ಚೀಲಕ್ಕೆ "ಝಭಲಾ" ಅಂತಾರೆ. ಝಭಲಾ ಅಂದ್ರೆ ಎಳೆಮಗುವಿಗೆ ಹಾಕೋ ತೋಳಿಲ್ಲದ ಅಂಗಿ. ಆಕಾರ ನೋಡಿದ್ರೆ ಗೊತ್ತಾಗುತ್ತೆ ಯಾಕೆ ಅಂತ. ಗುಜರಾತಿಯಲ್ಲಿ "ಕೋಥಳಿ" ಅಂತಲೂ ಇದೆ. ಸದ್ದು ನಮ್ಮ ಕೊಟ್ಟೆಗೆ ಹತ್ತಿರ ಇದೆ ನಿಜ. ಆದರೆ ಹತ್ತಿರದ ಸದ್ದೆಲ್ಲಾ ನೆಂಟಸ್ತಿಕೆ ಅಲ್ಲ, ಬರೀ ಸದ್ದು ನೋಡಿ ಸಂಬಂಧ ಕಟ್ಟೋದು ಬೇಡ.

ಹೈದರಾಬಾದ್, ಚೆನ್ನೈನಲ್ಲಿ ಬೆಂಗಳೂರಿನ ಥರಾನೇ "ಕವರ್" ನಡೆಯುತ್ತೆ. ಇದು ದಕ್ಷಿಣದ ಊರುಗಳ ಜಂಟಿ ಆಸ್ತಿ. ಕವರ್ ಅಂದ್ರೆ ನಮಗೆ ಮೊದಲು ಅಂಚೆ ಲಕೋಟೆ, ಮದುವೆಗೆ ಮುಯ್ಯಿ ಹಾಕಿ ಕೊಡೋ ಕಾಗದದ ಕವರು. ಅಲ್ಲಿಂದ ಜಾರಿ ಪ್ಲಾಸ್ಟಿಕ್ ಚೀಲಕ್ಕೆ ಬಂತು. ಅಂದ್ರೆ ಅದು ಇಂಗ್ಲಿಷಿನಿಂದ ಬಂದ ಪದ ಆದ್ರೂ ಅರ್ಥ ನಮ್ಮದೇ. ಬೇಕಿದ್ರೆ ನೋಯ್ಡಾದ ಅಂಗಡೀಲಿ "ಭೈಯಾ, ಏಕ್ ಕವರ್ ದೇನಾ" ಅಂದು ನೋಡಿ. "ಕೌನ್ಸಾ ಫೋನ್ ಹೈ?" ಅಂತ ಕೇಳಿದರೂ ಆಶ್ಚರ್ಯ ಇಲ್ಲ.

ತೆಲುಗಿನ "ಸಂಚಿ" ಕೇಳಿದಾಗ ಕನ್ನಡಿಗರಿಗೆ ಸಂಚಿ ಹೊನ್ನಮ್ಮ ನೆನಪಾಗಬೇಕು. 17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯೋ ಕೆಲಸದಲ್ಲಿದ್ದ ಕವಯಿತ್ರಿ. ಒಂದು ಸಣ್ಣ ಚೀಲದ ಹೆಸರು ಒಬ್ಬ ಕವಿಯ ಹೆಸರಿಗೇ ಸೇರಿಕೊಂಡಿದೆ ನೋಡಿ.

ಹೆಸರಿನ ಜೊತೆ ಬಂದ ಅಭ್ಯಾಸ

ಇಷ್ಟು ಹೊತ್ತು ಪದದ ಸೊಗಸು ಹೇಳಿದೆ. ಈಗ ಅದರ ಇನ್ನೊಂದು ಮುಖ.

ಎಲೆಯ ಕೊಟ್ಟೆಯನ್ನ ಏನು ಮಾಡ್ತಿದ್ವಿ? ಕಡುಬು ತಿಂದಾದ ಮೇಲೆ ಎಲೆಯನ್ನ ಹಿತ್ತಲಿಗೆ ಬಿಸಾಕ್ತಿದ್ವಿ. ದನ ತಿಂದರೂ ತೊಂದರೆ ಇಲ್ಲ, ಗೊಬ್ಬರದ ಗುಂಡಿಗೆ ಬಿದ್ದರೂ ಒಳ್ಳೇದೇ. ಮಳೆಗಾಲ ಕಳೆಯೋದ್ರೊಳಗೆ ಅದು ಮಣ್ಣು. ಅಡಿಕೆ ಹಾಳೆಯ ಕೊಟ್ಟೆಯೂ ಹಾಗೇ. ಕೊಟ್ಟೆ ಅಂದ್ರೆ ಒಂದು ಸಲ ಬಳಸಿ ಬಿಸಾಕೋದು, ಬಿಸಾಕಿದರೆ ತಪ್ಪೇನಿಲ್ಲ. ಈ ಅರ್ಥವೂ ಆ ಪದದೊಳಗೇ ಇತ್ತು.

ಪ್ಲಾಸ್ಟಿಕ್ಕಿಗೆ ಅದೇ ಹೆಸರು ಹೋದಾಗ, ಕೈಯ ಅಭ್ಯಾಸವೂ ಹೆಸರಿನ ಹಿಂದೆಯೇ ಹೋಯ್ತು. ಅದೇ ಹಿತ್ತಲು, ಅದೇ ಎಸೆತ. ಆದರೆ ಈ ಕೊಟ್ಟೆ ಮಣ್ಣಾಗಲಿಲ್ಲ. ದನದ ಹೊಟ್ಟೆಯಲ್ಲಿ ಉಳೀತು, ಚರಂಡಿಯಲ್ಲಿ ಉಳೀತು. ಪೇಟೆಯವರಿಗೂ ಇದು ಬೇರೆ ಏನಲ್ಲ. ಹೆಸರು ಪಿಶವಿ ಇರಲಿ, ಪನ್ನಿ ಇರಲಿ, ತೆಳು ಕಾಗದ ಬಿಸಾಕಿದ ಕೈಯೇ ತೆಳು ಪ್ಲಾಸ್ಟಿಕ್ಕನ್ನೂ ಬಿಸಾಕಿತು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಊರು ಮುಳುಗಿದಾಗ, ಚರಂಡಿಗೆ ಅಡ್ಡ ಕೂತ ಪ್ಲಾಸ್ಟಿಕ್ ಚೀಲಗಳ ಹೆಸರೂ ಕಾರಣಗಳ ಪಟ್ಟಿಗೆ ಸೇರಿತ್ತು. ಆಗ ಅಲ್ಲಿದ್ದವರಿಗೆ ಇದನ್ನ ನಾನು ಹೇಳಬೇಕಾಗಿಲ್ಲ.

ಆಮೇಲೆ ಕಾನೂನುಗಳು ಬಂದವು. ಕರ್ನಾಟಕ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನೆಲ್ಲಾ ನಿಷೇಧಿಸಿತು. ಮಹಾರಾಷ್ಟ್ರ 2018ರಲ್ಲಿ, ತಮಿಳುನಾಡು 2019ರ ಜನವರಿ 1ರಿಂದ. ಕೇಂದ್ರ ಸರ್ಕಾರ ಚೀಲದ ದಪ್ಪಕ್ಕೆ ಮಿತಿ ಹಾಕಿತು. 2011ರಲ್ಲಿ ಕನಿಷ್ಠ 40 ಮೈಕ್ರಾನ್ ಇತ್ತು. 2016ರಲ್ಲಿ 50 ಆಯ್ತು, 2021ರ ಸೆಪ್ಟೆಂಬರ್ ಕೊನೆಗೆ 75, 2022ರ ಡಿಸೆಂಬರ್ 31ರಿಂದ 120. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ದಪ್ಪ ಯಾಕೆ ಮುಖ್ಯ ಅಂದ್ರೆ, ದಪ್ಪ ಚೀಲಕ್ಕೆ ತೂಕ ಇರುತ್ತೆ. ತೂಕ ಇದ್ದರೆ ಗುಜರಿಯಲ್ಲಿ ಬೆಲೆ ಇರುತ್ತೆ, ಚಿಂದಿ ಆಯುವವರು ಎತ್ತಿಕೊಳ್ತಾರೆ. ತೆಳು ಕೊಟ್ಟೆ ನೂರು ಆಯ್ದರೂ ಒಂದು ಚಹಾದ ದುಡ್ಡು ಹುಟ್ಟಲ್ಲ. ಅದಕ್ಕೇ ಅದು ಬಿದ್ದಲ್ಲೇ ಬಿದ್ದಿರುತ್ತೆ. ಅಂಗಡಿಯವನಿಗೂ ದಪ್ಪ ಚೀಲ ಪುಕ್ಕಟೆ ಕೊಡೋದು ಗಿಟ್ಟಲ್ಲ.

ಇಲ್ಲಿ ಭಾಷೆಯ ಒಂದು ಸೂಕ್ಷ್ಮ ಇದೆ. 2016ರ ಕೇಂದ್ರ ನಿಯಮ "ಕ್ಯಾರಿ ಬ್ಯಾಗ್" ಅನ್ನೋದಕ್ಕೆ ಕೊಟ್ಟ ವಿವರಣೆಯ ಸಾರ ಹೀಗಿದೆ: ಸಾಮಾನು ಒಯ್ಯಲು ಬಳಸೋದು, ತಾನಾಗಿ ಹಿಡಿದುಕೊಳ್ಳೋ ಅನುಕೂಲ ಇರೋದು. ಸಾಮಾನನ್ನ ಮೊದಲೇ ತುಂಬಿ ಮುಚ್ಚಿದ ಪ್ಯಾಕಿಂಗ್ ಅದರಲ್ಲಿ ಸೇರಲ್ಲ. ಅಂದ್ರೆ ಕಾನೂನಿನ ಕಣ್ಣಲ್ಲಿ ಹಿಡಿ ಇರೋ ಚೀಲ ಒಂದು ಜಾತಿ, ಹಾಲಿನ ಪ್ಯಾಕೆಟ್ ಇನ್ನೊಂದು ಜಾತಿ. ನಮ್ಮ ಅಜ್ಜಿಯ ಲೆಕ್ಕದಲ್ಲಿ ಹಾಲಿನದ್ದೂ ಕೊಟ್ಟೆ, ಮೀನಿನದ್ದೂ ಕೊಟ್ಟೆ, ಚಟ್ನಿ ಕಟ್ಟಿ ಕೊಟ್ಟದ್ದೂ ಕೊಟ್ಟೆ. ಚರಂಡಿಯ ಲೆಕ್ಕವೂ ಅಜ್ಜಿಯ ಲೆಕ್ಕವೇ. ಅದಕ್ಕೆ ಹಿಡಿ ಇದೆಯೋ ಇಲ್ಲವೋ ಮುಖ್ಯ ಅಲ್ಲ. ಕಾನೂನು ಬೇರೆ ಮಾಡಿದ್ದನ್ನ ಆ ಹಳೆಯ ಪದ ಒಟ್ಟಿಗೆ ತೋರಿಸುತ್ತೆ. ಸಿಂಕಿನ ಕೆಳಗಿನ ರಾಶಿಯನ್ನ ನೋಡೋಕೆ ನನಗೆ ಆ ಪದವೇ ಹೆಚ್ಚು ಸರಿ ಅನ್ನಿಸುತ್ತೆ.

ಹಾಗಾದ್ರೆ ಏನು ಮಾಡೋಣ

ಎರಡು ಮಾತು ಹೇಳ್ತೀನಿ.

ಮೊದಲನೇದು ಚೀಲದ ಬಗ್ಗೆ. ತಮಿಳುನಾಡು ಸರ್ಕಾರ 2021ರ ಡಿಸೆಂಬರಿನಲ್ಲಿ "ಮೀಂಡುಂ ಮಂಜಪ್ಪೈ" ಅಂತ ಒಂದು ಪ್ರಚಾರ ಶುರು ಮಾಡಿತು. ಮತ್ತೆ ಹಳದಿ ಚೀಲ, ಅಂತ ಅರ್ಥ. ಹಿಂದೆ ಅಲ್ಲಿ ಮದುವೆ ಮನೆಯಲ್ಲಿ, ಜವಳಿ ಅಂಗಡಿಯಲ್ಲಿ ಕೊಡ್ತಿದ್ದ ಹಳದಿ ಬಟ್ಟೆಯ ಚೀಲ ಅದು. ನಡುವೆ ಒಂದು ಕಾಲದಲ್ಲಿ ಹಳದಿ ಚೀಲ ಹಿಡಿದು ಪೇಟೆಗೆ ಬಂದವನನ್ನ ಹಳ್ಳಿಗಮಾರ ಅಂತ ನಗೋರು. ಈಗ ಸರ್ಕಾರವೇ ಅದನ್ನ ವಾಪಸ್ ಕರೆದಿದೆ. ಚೆನ್ನೈನಲ್ಲಿರೋ ನೀವು ಅದನ್ನ ನೋಡಿರ್ತೀರಿ. ಬ್ಯಾಕ್‌ಪ್ಯಾಕಿನಲ್ಲಿ ಲ್ಯಾಪ್‌ಟಾಪಿನ ಪಕ್ಕ ಒಂದು ಬಟ್ಟೆ ಚೀಲ ಮಡಚಿಟ್ಟರೆ ಭಾರ ಏನೂ ಆಗಲ್ಲ. ಹಾಲಿನ ಕೊಟ್ಟೆಯನ್ನ ಕತ್ತರಿಸುವಾಗ ಮೂಲೆಯ ಚೂರು ಬೇರೆ ಆಗದ ಹಾಗೆ ಕತ್ತರಿಸಿ, ತೊಳೆದು, ಒಣಗಿಸಿ, ಒಣ ಕಸಕ್ಕೆ ಹಾಕಿ. ತೊಳೆದು ದಾರದ ಮೇಲೆ ಒಣಹಾಕಿದ ಅಮ್ಮಂದಿರನ್ನ ನೋಡಿ ನಾವು ಜಿಪುಣತನ ಅಂದುಕೊಂಡಿದ್ವಿ. ಅವರು ಆ ಹೊಸ ಕೊಟ್ಟೆ ಹಳೆಯ ಕೊಟ್ಟೆಯ ಹಾಗಲ್ಲ ಅಂತ ನಮಗಿಂತ ಮೊದಲೇ ತಿಳಿದಿದ್ದರು.

ಎರಡನೇದು ಪದದ ಬಗ್ಗೆ. ಹಳದಿ ಚೀಲಕ್ಕೆ ಆದದ್ದೇ ಕೊಟ್ಟೆ, ತೊಟ್ಟೆಗಳಿಗೂ ಆಗಿದೆ. ಪೇಟೆಯಲ್ಲಿ ನಕ್ಕರು ಅಂತ ಬಿಟ್ಟೆವು. ಅಂಗಡೀಲಿ ಆ ಊರಿನ ಪದವನ್ನೇ ಬಳಸಿ, ಅದರಲ್ಲೇನೂ ತಪ್ಪಿಲ್ಲ. ಪನ್ನಿ ಅನ್ನಿ, ಪಿಶವಿ ಅನ್ನಿ, ವ್ಯವಹಾರ ನಡೀಬೇಕಲ್ಲ. ಆದರೆ ಮನೆಯೊಳಗೆ, ಮಗುವಿನ ಹತ್ರ ಮಾತಾಡುವಾಗ ಕೊಟ್ಟೆ ಅನ್ನೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸಾಧ್ಯ ಆದ್ರೆ ಒಂದು ಭಾನುವಾರ ಹಲಸಿನ ಎಲೆ ಹುಡುಕಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿನಲ್ಲಿ ಹಲಸಿನ ಮರಕ್ಕೆ ಬರ ಇಲ್ಲ, ನಿಮ್ಮ ಸೊಸೈಟಿಯ ಕಾಂಪೌಂಡಿನಲ್ಲೇ ಇದ್ದೀತು. ನಾಲ್ಕು ಎಲೆ ಚುಚ್ಚಿ ತೋರಿಸಿ. ಇದು ಕೊಟ್ಟೆ, ಬಿಸಾಕಬಹುದು. ಅದೂ ಕೊಟ್ಟೆ, ಬಿಸಾಕಬಾರದು. ಒಂದೇ ಪದದಲ್ಲಿ ಮಗುವಿಗೆ ಎರಡೂ ಪಾಠ ಆಗುತ್ತೆ.

ನಿಮ್ಮ ಊರಲ್ಲಿ ಇದಕ್ಕೆ ಇನ್ನೇನಾದ್ರೂ ಹೆಸರಿದೆಯಾ? ಬೀದರ್, ಕಲಬುರಗಿ, ಕೊಡಗು, ಚಾಮರಾಜನಗರದವರು ಖಂಡಿತ ತಿಳಿಸಿ. ಅಜ್ಜಿಗೆ ಒಂದು ಫೋನ್ ಮಾಡಿ ಕೇಳಿದ್ರೆ ಇನ್ನೂ ಒಳ್ಳೇದು. ಮುಂದಿನ ಸಲ ಇನ್ನೊಂದು ಪದದ ಜೊತೆ ಸಿಗೋಣ.